ಬದಲಿಯಿಲ್ಲದ ಪಯಣಿಗ
1860ರ ಏಪ್ರಿಲ್ 3ರಂದು ಅಮೆರಿಕದ ಸೇಂಟ್ ಜೋಸೆಫ್ ಊರಿನಿಂದ ಕುದುರೆಯ ಟಪಾಲು ಪಡುವಲಿಗೆ ಹೊರಟಿತು. ಸೇರಬೇಕಾದ ಸ್ಯಾಕ್ರಮೆಂಟೊ ಸುಮಾರು 1,900 ಮೈಲಿ. ಗಡುವು ಹತ್ತು ದಿನ.

ಹಗುರವಾದ ಜೀನಿನ ಮೇಲೆ ‘ಮೊಚಿಲಾ’ ಎಂಬ ತೊಗಲಿನ ಹೊದಿಕೆ. ಅದರ ನಾಲ್ಕು ಮೂಲೆಗಳಲ್ಲಿ ಪತ್ರದ ಚೀಲಗಳು. ಅದಕ್ಕೆ ಕಟ್ಟಿಲ್ಲ, ಕೊಂಡಿಯಿಲ್ಲ. ಸವಾರನ ಮೈಭಾರವೇ ಬಂಧನ. ಹತ್ತು ಹದಿನೈದು ಮೈಲಿಗೊಂದು ಲಾಯ. ಬಳಲಿದ ಕುದುರೆಯಿಂದ ಹೊದಿಕೆಯನ್ನು ಸೆಳೆದು ಹೊಸ ಕುದುರೆಯ ಮೇಲೆಸೆದರೆ ಸಾಕು, ಎರಡು ನಿಮಿಷದೊಳಗೆ ಪಯಣ ಮುಂದುವರಿಯುತ್ತಿತ್ತು.

ಕುದುರೆ ದಣಿಯಿತು, ಸವಾರನೂ ದಣಿದನು. ಇಬ್ಬರಿಗೂ ಬದಲಿ ದೊರೆಯಿತು. ಕೊನೆಯವರೆಗೆ ಸಾಗಿದ್ದು ಆ ತೊಗಲೊಂದೇ.

1861ರ ಅಕ್ಟೋಬರಿನಲ್ಲಿ ತಂತಿಯ ಕಂಬಗಳು ಖಂಡದ ಎರಡು ಅಂಚುಗಳನ್ನು ಬೆಸೆದವು. ದಣಿವನ್ನೇ ಅರಿಯದ ಮೊಚಿಲಾಕ್ಕೂ ಅಂದು ಬದಲಿ ಬಂದಿತು.