ಬಿಂದು ಸರಿಯಿತ್ತು, ರೇಖೆ ತಪ್ಪಿತ್ತು

ಪ್ರಥಮ ಪಿಯುಸಿ ಮಕ್ಕಳಿಗೆ ಮನೆಯಲ್ಲೇ ಗಣಿತದ ಟ್ಯೂಷನ್ ಹೇಳುತ್ತಿದ್ದ ಕಾಲ. ಸರಳ ರೇಖೆಗಳ ಪಾಠವೆಂದರೆ ನಾನು ಪುಸ್ತಕ ತೆರೆಯುತ್ತಲೇ ಇರಲಿಲ್ಲ. ಅವತ್ತಿನ ಲೆಕ್ಕ ಇದು: 3ಎಕ್ಸ್ + 4ವೈ = 12 ಎಂಬ ರೇಖೆಗೆ ಸಮಾಂತರವಾಗಿ, (2, −3) ಬಿಂದುವಿನ ಮೂಲಕ ಹಾಯುವ ರೇಖೆಯ ಸಮೀಕರಣ ಬರೆಯಬೇಕು.

"ಎಕ್ಸ್ ಮುಂದಿರೋ ಸಂಖ್ಯೆಯೇ ಸ್ಲೋಪ್. ಸಮಾಂತರ ಅಂದ್ಮೇಲೆ ಇದಕ್ಕೂ ಸ್ಲೋಪ್ 3" ಎಂದು ಹೇಳಿ, ಬೋರ್ಡಿನ ಮೇಲೆ ವೈ = 3ಎಕ್ಸ್ − 9 ಎಂದು ಬರೆದೆ. ಬಿಂದುವನ್ನು ಹಾಕಿ ನೋಡಿದೆ, ತಾಳೆಯಾಯಿತು. ಮುಂದಿನ ಲೆಕ್ಕಕ್ಕೆ ಹೋದೆ.

ಚಾಪೆಯ ಅಂಚಿನಲ್ಲಿದ್ದ ಹುಡುಗಿಯೊಬ್ಬಳು ಗ್ರಾಫ್ ಹಾಳೆ ಎತ್ತಿ ಹಿಡಿದಳು. "ಸರ್, ಎರಡು ಗೆರೆನೂ ಒಂದನ್ನೊಂದು ದಾಟ್ತಿವೆ."

"ಸ್ಕೇಲ್ ಜರುಗಿರ್ಬೇಕು, ಇನ್ನೊಂದ್ಸಲ ಎಳಿ" ಅಂದೆ. ಹಾಳೆಯತ್ತ ಕಣ್ಣೂ ಹಾಯಿಸಲಿಲ್ಲ. ಅವಳು ಅಳಿಸಿದಳು, ಮತ್ತೆ ಎಳೆದಳು. ಆಮೇಲೆ ಏನೂ ಕೇಳದೆ ನನ್ನ ಉತ್ತರವನ್ನೇ ನೋಟ್ಸಿಗೆ ಇಳಿಸಿಕೊಂಡಳು.

ರಾತ್ರಿ ಯಾಕೋ ಸಮಾಧಾನವಾಗದೆ ನಾನೇ ಗ್ರಾಫ್ ಹಾಕಿದೆ. ಕೊಟ್ಟ ರೇಖೆ (0, 3)ರಿಂದ (4, 0)ಕ್ಕೆ ಇಳಿಯುತ್ತಿತ್ತು. ನನ್ನದು ಏರುತ್ತಿತ್ತು. (3.2, 0.6)ರಲ್ಲಿ ಎರಡೂ ಕೂಡುತ್ತಿದ್ದವು. ಮರುದಿನ ಎಲ್ಲರೆದುರು ತಪ್ಪು ಒಪ್ಪಿಕೊಂಡಾಗ ಆ ಹುಡುಗಿ, "ನಂಗೇ ಗೆರೆ ಎಳೆಯೋಕೆ ಬರಲ್ಲ ಅಂದ್ಕೊಂಡಿದ್ದೆ ಸರ್" ಅಂದಳು. ತಪ್ಪು ಲೆಕ್ಕಕ್ಕಿಂತ ಆ ಮಾತಿಗೆ ನಾನು ಕುಗ್ಗಿಹೋದೆ. ಕಂಡದ್ದನ್ನು ಸರಿಯಾಗಿಯೇ ಹೇಳಿದ ಮಗುವಿಗೆ ತನ್ನ ಕಣ್ಣನ್ನೇ ನಂಬದಂತೆ ಮಾಡಿದ್ದೆ.

ಎಕ್ಸ್ ಮುಂದಿನ ಸಂಖ್ಯೆ ಸ್ಲೋಪ್ ಆಗುವುದು ಒಂದು ಬದಿಯಲ್ಲಿ ವೈ ಒಂಟಿಯಾಗಿ ನಿಂತಾಗ ಮಾತ್ರ. ಇಲ್ಲಿ ಹಾಗೆ ನಿಲ್ಲಿಸಿದರೆ ಸ್ಲೋಪ್ −3/4. ಅದಕ್ಕಿಂತ ನೇರವಾದ ದಾರಿಯೂ ಇದೆ. ರೇಖೆ ಯಾವ ಕಡೆಗೆ ವಾಲಿದೆ ಎಂಬುದನ್ನು 3ಎಕ್ಸ್ + 4ವೈ ಎಂಬ ಭಾಗವೇ ಹೇಳುತ್ತದೆ, ಎಲ್ಲಿ ನಿಂತಿದೆ ಎಂಬುದನ್ನು ಬಲಗಡೆಯ ಸಂಖ್ಯೆ ಹೇಳುತ್ತದೆ. ಸಮಾಂತರವೆಂದರೆ ವಾಲಿಕೆ ಅದೇ, ಜಾಗ ಬೇರೆ. ಹಾಗಾಗಿ ಎಡಗಡೆಯನ್ನು ಮುಟ್ಟದೆ ಬಿಂದುವನ್ನು ಹಾಕಿದರೆ ಸಾಕು: 6 − 12, ಅಂದರೆ −6. ಉತ್ತರ 3ಎಕ್ಸ್ + 4ವೈ = −6. ಎಕ್ಸ್ = 5 ಎಂಬ ನೆಟ್ಟಗಿನ ರೇಖೆಗೆ ಸ್ಲೋಪೇ ಇಲ್ಲ, ಅಲ್ಲೂ ಈ ದಾರಿ ಕೈಕೊಡುವುದಿಲ್ಲ. ಇದೇ ಬಿಂದುವಿನಲ್ಲಿ ಅದರ ಸಮಾಂತರ ರೇಖೆ ಎಕ್ಸ್ = 2.

ಆ ಲೆಕ್ಕದಲ್ಲಿ ಷರತ್ತುಗಳು ಎರಡಿದ್ದವು: ಬಿಂದುವಿನ ಮೂಲಕ ಹಾಯಬೇಕು, ಸಮಾಂತರವಾಗಿರಬೇಕು. ನಾನು ಪರೀಕ್ಷಿಸಿದ್ದು ಮೊದಲನೆಯದನ್ನು ಮಾತ್ರ, ಅದು ತಾಳೆಯಾದದ್ದೇ ನನಗೆ ಧೈರ್ಯ ಕೊಟ್ಟಿತ್ತು. ಎರಡನೆಯದನ್ನು ಪರೀಕ್ಷಿಸಿದವಳು ಅವಳು.

ಪಾಠ ಹೇಳುವವರಲ್ಲಿ ನನ್ನದೊಂದು ಕೋರಿಕೆ: ಮಗು ಹಾಳೆ ಎತ್ತಿ ಹಿಡಿದರೆ, ಮಾತಾಡುವ ಮೊದಲು ದಯವಿಟ್ಟು ಅದನ್ನು ಕೈಗೆ ತೆಗೆದುಕೊಂಡು ನೋಡಿ.