ಸರ್ಕಲ್ಲಿನ ಗಿಡಕ್ಕೆ ನೀರು ಯಾರು ಹಾಕಬೇಕು?

ಸಣ್ಣ ಊರಿನ ಬಸ್ ಸ್ಟ್ಯಾಂಡ್ ಮುಂದಿನ ಸರ್ಕಲ್ಲಿನಲ್ಲಿ ಸೇವಾ ಕ್ಲಬ್ಬಿನ ಬೋರ್ಡು ಗಟ್ಟಿಯಾಗಿ ನಿಂತಿರುತ್ತದೆ, ಸುತ್ತ ನೆಟ್ಟ ಗಿಡ ಒಣಗಿರುತ್ತದೆ. ಸದಸ್ಯರಿಗೆ ಮನಸ್ಸಿಲ್ಲವೆಂದಲ್ಲ, ಅವಧಿಯೇ ಹಾಗಿದೆ. ರೋಟರಿ, ಲಯನ್ಸ್ ಎರಡರಲ್ಲೂ ವರ್ಷ ಶುರುವಾಗುವುದು ಜುಲೈ 1ಕ್ಕೆ, ಮುಗಿಯುವುದು ಜೂನ್ 30ಕ್ಕೆ. ಅಧ್ಯಕ್ಷರೂ ಅದರ ಜೊತೆಗೇ ಬದಲು. ಹಾಗಾಗಿ ಹನ್ನೆರಡು ತಿಂಗಳೊಳಗೆ ಟೇಪು ಕತ್ತರಿಸಬಹುದಾದದ್ದೇ ಯೋಜನೆಯಾಗುತ್ತದೆ: ಕಾರಂಜಿ, ಕಲ್ಲುಬೆಂಚು, ಸ್ವಾಗತ ಕಮಾನು. ಜುಲೈ ಮಳೆಯಲ್ಲಿ ನೆಟ್ಟ ಗಿಡಕ್ಕೆ ಮಾರ್ಚಿನಲ್ಲಿ ನೀರು ಬೇಕು, ಆದರೆ ನೀರು ಹಾಕುವುದಕ್ಕೆ ಉದ್ಘಾಟನೆ ಇಲ್ಲವಲ್ಲ!

ಸ್ವಂತ ಜೇಬಿನಿಂದ ಕೊಟ್ಟವರನ್ನು ಟೀಕಿಸಬೇಕೆ, ನಿರ್ವಹಣೆ ಪುರಸಭೆಯ ಕೆಲಸ ತಾನೇ ಎನ್ನಬಹುದು. ಕಾನೂನಿನ ಲೆಕ್ಕದಲ್ಲಿ ಸರಿ. ಆದರೆ ಕಸ, ಚರಂಡಿಗೇ ಜನ ಸಾಲದ ಪುರಸಭೆಗೆ ಕಾರಂಜಿ ಕೊಡುವುದೆಂದರೆ ಅದರ ಕರೆಂಟ್ ಬಿಲ್ಲನ್ನೂ ಕೊಟ್ಟಂತೆ. ಅಂದ ಬೇಡವೆನ್ನುವ ವಾದವಲ್ಲ ಇದು, ನೆರಳೂ ಅಂದವೇ. ರೋಟರಿ 1907ರಲ್ಲಿ ಶಿಕಾಗೋದಲ್ಲಿ ಕೈಗೆತ್ತಿಕೊಂಡ ಮೊದಲ ಸಾರ್ವಜನಿಕ ಕೆಲಸ ಯಾವುದು ಗೊತ್ತೇ? ಸಾರ್ವಜನಿಕ ಶೌಚಾಲಯ. ನಮ್ಮ ಸಂತೆಗಳಿಗೆ ಬರುವ ಹೆಂಗಸರಿಗೆ ಇವತ್ತೂ ಬೇಕಿರುವುದು ಅದೇ. ಮುಂದಿನ ಜುಲೈಗೆ ಪದಗ್ರಹಣ ಮಾಡುವವರೇ, ಹೊಸ ಬೋರ್ಡು ಬರೆಸುವ ಮೊದಲು ಹಿಂದಿನ ಅಧ್ಯಕ್ಷರು ನೆಟ್ಟ ಗಿಡಕ್ಕೆ ಎರಡು ಕೊಡ ನೀರು ಹಾಕಿಸಿ.