ಹೆದ್ದಾರಿಯಿಂದ ಇಳಿದಾಗ

ದಾರಿಯಲ್ಲಿ ಹೊಟ್ಟೆಗೇನು ಗತಿ ಎಂಬ ಚಿಂತೆಯು ಪ್ರಯಾಣಿಕರಲ್ಲಿ ಎರಡು ಜಾತಿಗಳನ್ನು ಹುಟ್ಟಿಸಿದೆ. ಬುತ್ತಿ ಕಟ್ಟಿಕೊಂಡು ಹೊರಡುವವರದು ಒಂದು. ಊರೂರಿನಲ್ಲಿ ಸಿಕ್ಕಿದ್ದನ್ನು ಸವಿಯುತ್ತ ಹೋಗುವವರದು ಇನ್ನೊಂದು. ನಾನು ಎರಡನೆಯ ಜಾತಿಗೆ ಸೇರಿದವನು. ನನ್ನ ತಾಯಿ ಮೊದಲನೆಯದರ ಕಟ್ಟಾ ಅಭಿಮಾನಿ. ಕಳೆದ ವರ್ಷ ಧಾರವಾಡದ ಕಾಲೇಜೊಂದಕ್ಕೆ ನನಗೆ ವರ್ಗವಾದಾಗ ಈ ಎರಡು ಜಾತಿಗಳೂ ಒಂದೇ ಬಾಡಿಗೆ ಕಾರಿನಲ್ಲಿ ಐನೂರು ಕಿಲೋಮೀಟರು ಸಾಗಬೇಕಾಯಿತು.

ತಂದೆಯವರು ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ಮದ್ದೂರು ಸೀಮೆಯ ನಮ್ಮ ಹಳ್ಳಿಯಲ್ಲಿ ತಾಯಿಯೊಬ್ಬರನ್ನೇ ಬಿಡಲು ನನ್ನ ಮನಸ್ಸು ಒಪ್ಪಲಿಲ್ಲ. ಆ ಮನೆಯನ್ನು ಬಿಡಲು ಅವರ ಮನಸ್ಸು ಒಪ್ಪಲಿಲ್ಲ. ಕಡೆಗೊಂದು ಕರಾರಾಯಿತು.

“ಎಂಟು ದಿನ ಇದ್ದು ನೋಡ್ತೀನಿ ಕಣಪ್ಪ. ಒಗ್ಗದೇ ಹೋದ್ರೆ ತಂದು ಇಲ್ಲೇ ಬಿಟ್ಬಿಡಬೇಕು.”

ಮನೆಗೆ ಬೀಗ ಹಾಕಿ, ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಕಾರು ಹತ್ತಿದರು. ಜೊತೆಗೆ ಕೋಡುಬಳೆಯ ಡಬ್ಬ, ಪುಳಿಯೋಗರೆ, ಎರಡು ತಂಬಿಗೆ ನೀರು, ಅರ್ಧ ಚೀಲ ರಾಗಿಹಿಟ್ಟು. “ಅಲ್ಲಿ ರಾಗಿ ತಿಂತಾರೋ ಇಲ್ವೋ!”

ಈಗಿನ ಹೆದ್ದಾರಿಯ ಸ್ವಭಾವ ಓದುಗರಿಗೆ ತಿಳಿದದ್ದೇ. ಅದು ಊರುಗಳನ್ನು ಮುಟ್ಟದೆ, ದೊಡ್ಡ ಮನುಷ್ಯರು ಬಡ ನೆಂಟರನ್ನು ಕಂಡೂ ಕಾಣದಂತೆ ಹೋಗುವ ಹಾಗೆ, ಪಕ್ಕಕ್ಕೆ ಸರಿದು ಹೋಗುತ್ತದೆ. ಅದರ ಅಂಚಿನ ಭಾರಿ ಹೋಟಲುಗಳಲ್ಲಿ ಹಲಗೆಯ ತುಂಬ ತಿಂಡಿಗಳ ಹೆಸರಿರುತ್ತವೆ. ಎಲ್ಲಕ್ಕೂ ಒಂದೇ ರುಚಿ. ನಮ್ಮ ಚಾಲಕನ ಸೂತ್ರ ಬೇರೆ. “ಒಂದೇ ತಿಂಡಿ ಮಾಡೋ ಕಡೆ ನಿಲ್ಲಬೇಕು ಸಾರ್. ಅದೂ ಕೆಟ್ಟರೆ ಅವನ ಅಂಗಡಿ ಮುಚ್ಚಿತು!” ತರ್ಕಶಾಸ್ತ್ರದ ಅಧ್ಯಾಪಕರೂ ಇದನ್ನು ಖಂಡಿಸಲಾರರು.

ಮೊದಲ ನಿಲುಗಡೆ ತುಮಕೂರಿನ ಹೊಸ್ತಿಲಾದ ಕ್ಯಾತಸಂದ್ರ. ಅಗಲವಾದ ಚಿಕ್ಕ ತಟ್ಟೆಗಳಲ್ಲಿ ಹಿಟ್ಟು ಹೊಯ್ದು, ಒಂದರ ಮೇಲೊಂದು ಪೇರಿಸಿ ಬೇಯಿಸಿದ ತಟ್ಟೆ ಇಡ್ಲಿ. ನೆತ್ತಿಯ ಮೇಲೆ ಕರಗುತ್ತಿರುವ ಬೆಣ್ಣೆ. ನಾನು ಎರಡು ಮುಗಿಸಿದೆ. ತಾಯಿ ಕಾರಿನಿಂದ ಇಳಿಯದೆ ಕೋಡುಬಳೆ ಮುರಿದರು. ಅದನ್ನೂ ಅರ್ಧಕ್ಕೇ ಬಿಟ್ಟರು. ತಂದೆಯವರು ಹೋದಂದಿನಿಂದ ಅವರ ಊಟವೆಲ್ಲ ಅರ್ಧವೇ.

ಮಧ್ಯಾಹ್ನ ದಾವಣಗೆರೆಯ ಬಳಿ ಹೆದ್ದಾರಿ ಬಿಟ್ಟು ಊರೊಳಗೆ ಇಳಿದೆವು. ಸೌದೆಯ ಒಲೆ, ಕಾದ ಕಾವಲಿ, ಕೈತುಂಬ ಬೆಣ್ಣೆ. ಅಕ್ಕಿ ಉದ್ದುಗಳ ಜೊತೆಗೆ ಮಂಡಕ್ಕಿಯನ್ನೂ ಸೇರಿಸಿ ರುಬ್ಬುವುದರಿಂದ ಈ ದೋಸೆ ಹೊರಗೆ ಗರಿ, ಒಳಗೆ ಮೃದು. ನಂಚಿಕೊಳ್ಳಲು ಕಾಯಿಚಟ್ನಿ, ಆಲೂಗಡ್ಡೆ ಪಲ್ಯ. 1928ರ ಸುಮಾರಿನಲ್ಲಿ ಬೆಳಗಾವಿಯ ಕಡೆಯಿಂದ ಮಕ್ಕಳೊಡನೆ ಬಂದ ಚೆನ್ನಮ್ಮನೆಂಬಾಕೆ ಇಲ್ಲಿ ದೋಸೆ ಹುಯ್ದು ಮಾರಲಾರಂಭಿಸಿದಳೆಂದೂ, ಬೆಣ್ಣೆದೋಸೆಯ ವಂಶ ಅಲ್ಲಿಂದಲೇ ಬೆಳೆಯಿತೆಂದೂ ಜನ ಹೇಳುತ್ತಾರೆ. ಇದನ್ನು ತಾಯಿಗೆ ತಿಳಿಸಿದೆ.

“ಮಕ್ಕಳನ್ನು ಕಟ್ಟಿಕೊಂಡು ಅಷ್ಟು ದೂರದಿಂದಲೇ?” ಎಂದರು. ಸ್ವಲ್ಪ ಹೊತ್ತಿನ ಮೇಲೆ ನನ್ನ ತಟ್ಟೆಯಿಂದ ದೋಸೆಯ ಒಂದು ಮೂಲೆ ಮುರಿದುಕೊಂಡರು. ರುಚಿ ಹೇಗಿದೆಯೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಹಾವೇರಿಯ ಬಳಿ ಚಕ್ರ ಪಂಕ್ಚರಾಯಿತು. ಧಾರವಾಡ ಸೇರುವ ವೇಳೆಗೆ ದೀಪ ಹತ್ತಿತ್ತು, ಪುಳಿಯೋಗರೆ ಹಳಸಿತ್ತು. ಮಗುವಿನ ಪರೀಕ್ಷೆ ಮುಗಿಯುವವರೆಗೆ ಹೆಂಡತಿಯನ್ನು ತವರಿನಲ್ಲೇ ಬಿಟ್ಟಿದ್ದೆನಾದ್ದರಿಂದ ಬಾಡಿಗೆ ಮನೆಯಲ್ಲಿ ಒಲೆಯೂ ಇರಲಿಲ್ಲ. ಬೇರೆ ದಾರಿಯಿಲ್ಲದೆ ತಾಯಿ ನನ್ನೊಡನೆ ಒಂದು ಸಣ್ಣ ಖಾನಾವಳಿಯ ಮೆಟ್ಟಿಲು ಹತ್ತಿದರು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಒಂದೇ ತಾಳದಲ್ಲಿ ಕೇಳಿಬರುತ್ತಿತ್ತು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾಪುಡಿ, ಮೊಸರು ಬಂದವು. ತಾಯಿ ಅರ್ಧ ರೊಟ್ಟಿಗೆ ಕೈತೊಳೆಯಲು ಹೊರಟರು.

“ಯಾಕ್ರೆವ್ವಾ, ರೊಟ್ಟಿ ಸೇರಲಿಲ್ಲೇನ್ರಿ? ಬಿಸೀದು ಹಾಕ್ತೇನಿ, ತಗೋರಿ,” ಎಂದಳು ಒಲೆಯ ಮುಂದಿನ ಹೆಂಗಸು.

“ಚೆನ್ನಾಗಿದೆ ಕಣವ್ವ. ನಮ್ಮ ಕಡೆ ಮುದ್ದೆ. ಇದು ಅಷ್ಟು ತೆಳ್ಳಗೆ ಹೇಗೆ ಬರುತ್ತೆ, ಹರಿಯಲ್ವಾ?”

“ಕುದಿಯೋ ನೀರಾಗ ಹಿಟ್ಟು ನಾದಬೇಕ್ರಿ. ತಣ್ಣೀರಾಗ ಆದ್ರ ಬಿರಿತೈತಿ.”

ಗೋಧಿಯಲ್ಲಿರುವ ಜಿಗುಟು ಜೋಳದಲ್ಲಿಲ್ಲ; ಕುದಿನೀರು ಬಿದ್ದರೇ ಅದು ಹೊಂದಿಕೊಳ್ಳುವುದು. ಈ ವಿವರಣೆಗೆ ನಾನು ಬಾಯಿ ತೆರೆಯುವಷ್ಟರಲ್ಲಿ ತಾಯಿಯ ಮುಖ ಅರಳಿತು.

“ಅಯ್ಯೋ, ಮುದ್ದೆಗೂ ಹಾಗೇ ಕಣವ್ವ! ಎಸರು ಮರಳದೆ ಹಿಟ್ಟು ಹಾಕಿದ್ರೆ ಗಂಟುಗಂಟು.”

ಆಮೇಲೆ ನನ್ನ ಅಗತ್ಯ ಯಾರಿಗೂ ಇರಲಿಲ್ಲ. ತಾಯಿ ಒಲೆಯ ಬಳಿ ಮಣೆ ಹಾಕಿ ಕುಳಿತರು, ತಾವೇ ಒಂದು ರೊಟ್ಟಿ ಬಡಿಯಲು ಹೋಗಿ ಹರಿದರು, ಇಬ್ಬರೂ ನಕ್ಕರು. ಆ ಹರಿದ ರೊಟ್ಟಿಯನ್ನು ಬೇಯಿಸಿ ತಾಯಿ ಪೂರ್ತಿ ತಿಂದರು. ನಕ್ಷೆಯಲ್ಲಿ 1956ರಲ್ಲೇ ಒಂದಾದ ಎರಡು ಸೀಮೆಗಳು ನನ್ನ ಕಣ್ಣೆದುರಿಗೆ ಒಂದಾದದ್ದು ಆ ರಾತ್ರಿ.

ಮರುದಿನ ಧಾರವಾಡದ ಪೇಢೆ ತಂದುಕೊಟ್ಟೆ. ಇದನ್ನು ಇಲ್ಲಿಗೆ ತಂದದ್ದು ಉತ್ತರಪ್ರದೇಶದ ಉನ್ನಾವದಿಂದ ಪ್ಲೇಗಿನ ಕಾಲದಲ್ಲಿ ಬಂದು ನೆಲಸಿದ ಮನೆತನವೆಂದು ಹೇಳಿದೆ. ತಾಯಿ ಪೇಢೆಯನ್ನು ಬಾಯಲ್ಲಿಟ್ಟುಕೊಂಡು ಯೋಚಿಸಿ, “ಹಾಗಾದ್ರೆ ಊರಿನ ರುಚಿ ಅನ್ನೋದೆಲ್ಲ ಎಲ್ಲಿಂದಲೋ ಬಂದೋರು ಮಾಡಿದ್ದೇ ಅನ್ನು,” ಎಂದರು.

ಎಂಟನೆಯ ದಿನ ಕಾಲೇಜಿನಿಂದ ಅಳುಕುತ್ತಲೇ ಮನೆಗೆ ಬಂದೆ. ಪಕ್ಕದ ಮನೆಯಾಕೆ ನಮ್ಮ ಅಡುಗೆಮನೆಯಲ್ಲಿ ಮುದ್ದೆ ತಿರುವುವುದನ್ನು ಕಲಿಯುತ್ತಿದ್ದಳು. ಬೀಗದ ಕೈ ಸೆರಗಿನಲ್ಲಿರಲಿಲ್ಲ, ದೇವರ ಗೂಡಿನಲ್ಲಿತ್ತು.

“ಹಿಟ್ಟು ಮುಗೀತಾ ಬಂತು ಕಣಪ್ಪ,” ಎಂದರು ತಾಯಿ. “ರಜಕ್ಕೆ ಊರಿಗೆ ಹೋದಾಗ ತರೋಣ. ದಾರಿಗೆ ಬುತ್ತಿ ಬೇಡ.”